ಬೆಲ್ಟಿನ ಮೇಲೆ ಬರುವ ಸುಶಿ: ಮಂಗಳೂರಿನಲ್ಲಿ ತಿನ್ನುವುದಾದರೆ ರಾತ್ರಿ ಎಂಟಕ್ಕೆ ಹೋಗಿ

ನಮ್ಮ ಮನೆಗೆ ಮೀನು ತರುವವರು ಅಮ್ಮ. ದಕ್ಕೆಯಲ್ಲಿ ಬಂಗುಡೆಯ ಕಿವಿರು ಎತ್ತಿ ನೋಡದೆ, ಮೈಯನ್ನು ಬೆರಳಿನಿಂದ ಒತ್ತಿ ನೋಡದೆ ಅವರು ಹಣ ಕೊಟ್ಟವರಲ್ಲ. ಹಾಗಾಗಿ ಮಂಗಳೂರಿನಲ್ಲಿ ಜಪಾನಿನ ಸುಶಿ, ಅಂದರೆ ಹುಳಿ ಅನ್ನದ ಮೇಲೆ ಮೀನಿನ ಚೂರಿಟ್ಟ ತಿನಿಸು, ತಟ್ಟೆಗಳಲ್ಲಿ ಸುತ್ತುವ ಬೆಲ್ಟಿನ ಮೇಲೆ ಬರುವ ಹೋಟೆಲಿಗೆ ಅವರನ್ನೇ ಕರೆದುಕೊಂಡು ಎರಡು ಸಲ ಹೋದೆ. ಮೊದಲ ಸಲ ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ, ಎರಡನೆಯ ಸಲ ಶನಿವಾರ ರಾತ್ರಿ ಎಂಟಕ್ಕೆ. ಎರಡೂ ದಿನ ಉಂಡದ್ದು ಒಂದೇ ಹೋಟೆಲಿನಲ್ಲಿ ಎಂದು ನಂಬುವುದು ಕಷ್ಟ.

ಮಂಗಳವಾರ ಬೆಲ್ಟಿನ ಮೇಲೆ ಇದ್ದದ್ದು ಹತ್ತು ತಟ್ಟೆ. ಒಂದೇ ಸಾಲ್ಮನ್ ತಟ್ಟೆ ನಮ್ಮೆದುರು ನಾಲ್ಕು ಸಲ ಹಾದುಹೋಯಿತು. ಎತ್ತಿಕೊಂಡು ನೋಡಿದರೆ, ಮುಚ್ಚಳವಿದ್ದರೂ ಅನ್ನದ ಅಂಚಿನ ಅಗುಳುಗಳು ಗಟ್ಟಿಯಾಗಿದ್ದವು, ಮೀನಿನ ಚೂರಿನ ತುದಿ ಒಣಗಿ ಮೇಲೆದ್ದಿತ್ತು. “ಮೀನು ಹಾಳಾಗಿಲ್ಲ ಮಗಾ, ಮಾಡಿಟ್ಟು ತುಂಬ ಹೊತ್ತಾಗಿದೆ” ಎಂದರು ಅಮ್ಮ.

ಅವರ ಮಾತು ಈ ಪದ್ಧತಿಯ ಮೂಲಕ್ಕೇ ಮುಟ್ಟುತ್ತದೆ. ಬಿಯರ್ ಕಾರ್ಖಾನೆಯ ಬೆಲ್ಟಿನಲ್ಲಿ ಬಾಟಲಿಗಳು ಸಾಗುವುದನ್ನು ಕಂಡ ಜಪಾನಿನ ಸುಶಿ ಹೋಟೆಲಿನ ಮಾಲೀಕ ಯೋಶಿಯಾಕಿ ಶಿರಾಇಶಿ, ಕಡಿಮೆ ಕೆಲಸಗಾರರಿಂದ ಹೆಚ್ಚು ಜನರಿಗೆ ಬಡಿಸಲೆಂದು 1958ರಲ್ಲಿ ಒಸಾಕಾದ ಬಳಿ ಇಂಥ ಮೊದಲ ಹೋಟೆಲನ್ನು ತೆರೆದರು. ಬೆಲ್ಟಿಗೆ ಅವರು ನಿಗದಿಪಡಿಸಿದ ವೇಗ ಸೆಕೆಂಡಿಗೆ 8 ಸೆಂಟಿಮೀಟರ್. ಜನಸಂದಣಿಗೆಂದೇ ಹುಟ್ಟಿದ ವ್ಯವಸ್ಥೆ ಜನರಿಲ್ಲದ ಹೊತ್ತಿನಲ್ಲಿ ಸೊರಗುವುದು ಸಹಜ.

ಶನಿವಾರ ತಟ್ಟೆಗಳು ಮೊದಲ ಸುತ್ತಿನಲ್ಲೇ ಖಾಲಿಯಾಗುತ್ತಿದ್ದವು. ಸುಶಿ ಎಂದರೆ ಹಸಿ ಮೀನು ಎಂದುಕೊಂಡವರೇ ಹೆಚ್ಚು. ನಿಜವಾಗಿ ಅದರ ಜೀವ ವಿನೆಗರ್, ಸಕ್ಕರೆ, ಉಪ್ಪು ಬೆರೆಸಿದ ಅನ್ನದಲ್ಲಿದೆ. ಅಂದು ಅನ್ನ ಇನ್ನೂ ಉಗುರುಬೆಚ್ಚಗಿತ್ತು, ಬೆರಳಿಗೆ ಅಂಟಿಕೊಂಡು ಬಾಯಲ್ಲಿ ಬಿಡಿಬಿಡಿಯಾಯಿತು. ಕುಚ್ಚಲಕ್ಕಿಯ ನಾಲಿಗೆಗೆ ಅದರ ಹುಳಿ ಹೊಸದು, ಆದರೆ ಬೇಯಿಸಿದ ಸಿಗಡಿ ಇಟ್ಟದ್ದನ್ನು ಅಮ್ಮ ಎರಡನೆಯ ಸಲವೂ ಎತ್ತಿಕೊಂಡರು.

ಹಸಿ ಮೀನಿನ ಬಗ್ಗೆ ಕೇಳಿದಾಗ, ಅದನ್ನು ಮೈನಸ್ 20 ಡಿಗ್ರಿಯಲ್ಲಿ 7 ದಿನ ಹೆಪ್ಪುಗಟ್ಟಿಸಿಟ್ಟು ಬಳಸುತ್ತೇವೆ ಎಂದು ಅಡುಗೆಯ ಹುಡುಗ ತಾಳ್ಮೆಯಿಂದ ವಿವರಿಸಿದ. ಮೀನಿನೊಳಗಿನ ಪರೋಪಜೀವಿ ಹುಳುಗಳನ್ನು ಕೊಲ್ಲಲು ಇದು ಒಪ್ಪಿತವಾದ ಕ್ರಮ. ನಮ್ಮೂರಿನಲ್ಲಿ ‘ಐಸಿನ ಮೀನು’ ಎಂದರೆ ಬೈಗುಳವೇ ಆದ್ದರಿಂದ ಅಮ್ಮನ ಮುಖ ಮೊದಲು ಸಣ್ಣದಾಯಿತು. ಆಮೇಲೆ, “ಜೂನ್, ಜುಲೈಯಲ್ಲಿ ಬೋಟು ನಿಂತಾಗ ನಾವೂ ಅದನ್ನೇ ತಿನ್ನುವುದಲ್ಲವಾ” ಎಂದು ತಾವೇ ಸಮಾಧಾನ ಮಾಡಿಕೊಂಡರು. ಬೇಯಿಸಿ ತಿನ್ನುವ ಮೀನಿಗೂ ಹಸಿಯಾಗಿ ತಿನ್ನುವ ಮೀನಿಗೂ ಬೇಕಾದ ಎಚ್ಚರಿಕೆ ಬೇರೆ ಎಂಬುದನ್ನು ಈ ಹೋಟೆಲು ಅರಿತಿರುವುದು ನನಗೆ ತುಂಬ ಮುಖ್ಯವಾಗಿ ಕಂಡಿತು.

ಬೆಲೆ ತಟ್ಟೆಯ ಬಣ್ಣಕ್ಕೆ ತಕ್ಕಂತೆ; ಅದರ ಪಟ್ಟಿ ಕೌಂಟರಿನ ಗೋಡೆಯ ಮೇಲೆ ಮಾತ್ರ ಇರುವುದು ಸರಿಯಲ್ಲ, ಪ್ರತಿ ಮೇಜಿನ ಮೇಲೂ ಇರಬೇಕು. ಮಧ್ಯಾಹ್ನವೇ ಹೋಗಬೇಕಾಗಿ ಬಂದರೆ ಬೆಲ್ಟಿನಿಂದ ಎತ್ತಿಕೊಳ್ಳದೆ ಹೊಸದಾಗಿ ಮಾಡಿಕೊಡಲು ಹೇಳಿ. ಅದೇ ಬೆಲೆಗೆ ಮಾಡಿಕೊಡುತ್ತಾರೆ. ಮೊದಲ ದಿನ ಈ ಮಾತನ್ನು ನಮಗೆ ಯಾರೂ ಹೇಳಲಿಲ್ಲ.