ಬಿಲ್‌ಗೆ ಹೂಂ ಅನ್ನುವ ಮುಂಚೆ ಒಂದು ಸ್ಕ್ಯಾನ್: ಇಎಲ್‌ಎಂ327 ಬ್ಲೂಟೂತ್ ಅಡಾಪ್ಟರ್ ವಿಮರ್ಶೆ

ಡ್ಯಾಶ್‌ಬೋರ್ಡ್‌ನಲ್ಲಿ ಹಳದಿ ಇಂಜಿನ್ ದೀಪ ಹತ್ತಿದ ಕೂಡಲೇ ತಲೆಯಲ್ಲಿ ಖರ್ಚಿನ ಲೆಕ್ಕ ಶುರುವಾಗುತ್ತದೆ. ತಣ್ಣಗಾದ ಇಂಜಿನ್ ಬಿಸಿಯಾಗಲು ಹೊತ್ತು ತೆಗೆದುಕೊಂಡರೂ ಅದೇ ದೀಪ, ಹೊಗೆಯ ವಿಷಾಂಶ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕೆಟ್ಟರೂ ಅದೇ ದೀಪ. ಎರಡರಲ್ಲಿ ಯಾವುದು ಅಂತ ಗ್ಯಾರೇಜಿಗೆ ಹೋಗುವ ಮುಂಚೆಯೇ ತಿಳಿಸುವ ಅಗ್ಗದ ಸಾಧನ ಇಎಲ್‌ಎಂ327 ಅಡಾಪ್ಟರ್. ಅಂಗೈಯಲ್ಲಿ ಅಡಗುವ ಡಬ್ಬಿ ಅದು. ಸ್ಟಿಯರಿಂಗ್ ಕೆಳಗಿರುವ 16 ಪಿನ್ನಿನ ಓಬಿಡಿ (ಕಾರಿನ ದೋಷ ತಪಾಸಣೆಯ) ಸಾಕೆಟ್‌ಗೆ ಸಿಕ್ಕಿಸಿ, ಇಗ್ನಿಷನ್ ಆನ್ ಮಾಡಿ, ಮೊಬೈಲಿನಲ್ಲಿ ಟಾರ್ಕ್ ಅಥವಾ ಕಾರ್ ಸ್ಕ್ಯಾನರ್ ಆಪ್ ತೆರೆದರೆ ದೋಷದ ಕೋಡ್ ಕಾಣುತ್ತದೆ.

ಕೊಳ್ಳಬೇಕಾದ ವಸ್ತುವೇ, ಅನುಮಾನವಿಲ್ಲ. ಆದರೆ ಕಣ್ಣುಮುಚ್ಚಿ ಕೊಂಡರೆ ದುಡ್ಡು ದಂಡ.

ಇಎಲ್‌ಎಂ327 ಅಂದರೆ ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್ ತಯಾರಿಸುತ್ತಿದ್ದ ಚಿಪ್. ಮೊದಲ ಆವೃತ್ತಿಗೆ ಕಾಪಿ ತಡೆ ಇರಲಿಲ್ಲ, ಹಾಗಾಗಿ ನಕಲುಗಳು ಹುಟ್ಟಿಕೊಂಡವು. ಕಂಪನಿ 2022ರಲ್ಲಿ ಬಾಗಿಲು ಹಾಕಿತು. ಇವತ್ತು ಅಗ್ಗಕ್ಕೆ ಸಿಗುವುದೆಲ್ಲ ನಕಲೇ ಅಂದುಕೊಳ್ಳುವುದು ಕ್ಷೇಮ. ತಮಾಷೆ ನೋಡಿ: "ವಿ1.5 ಒಳ್ಳೆಯದು, ವಿ2.1 ಕೆಟ್ಟದ್ದು" ಅನ್ನುವ ಸಲಹೆ ಎಲ್ಲೆಡೆ ಓಡಾಡುತ್ತದೆ, ಮೂಲ ಕಂಪನಿ 1.5 ಅನ್ನುವ ಆವೃತ್ತಿಯನ್ನು ಹೊರತಂದದ್ದೇ ಇಲ್ಲ. ಸಲಹೆಯಲ್ಲಿ ಹುರುಳಿಲ್ಲವೆಂದಲ್ಲ. 2.1 ಅಂತ ಬರೆದುಕೊಂಡ ಎಷ್ಟೋ ನಕಲುಗಳಲ್ಲಿ ಕಮಾಂಡ್‌ಗಳೇ ಕಡಿಮೆ, ಕೆಲವು ಹಳೆಯ ಪ್ರೊಟೋಕಾಲ್‌ಗಳು (ಕಾರಿನ ಜೊತೆ ಮಾತಾಡುವ ವಿಧಾನಗಳು) ಓಡುವುದೇ ಇಲ್ಲ. ಡಬ್ಬಿಯ ಮೇಲಿನ ನಂಬರ್ ನಂಬಬೇಡಿ. ಕಾರಿಗೆ ಹಾಕಿ ನೋಡಿ, ಸರಿಹೋಗದಿದ್ದರೆ ವಾಪಸ್ ಮಾಡುವ ಅವಕಾಶ ಇರುವ ಕಡೆ ಮಾತ್ರ ಕೊಳ್ಳಿ.

ಐಫೋನ್ ಇದ್ದವರು ಇನ್ನೊಂದು ಗಮನಿಸಬೇಕು. ಹಳೆಯ ಬಗೆಯ ಬ್ಲೂಟೂತ್ ಅಡಾಪ್ಟರ್ ಅದರ ಜೊತೆ ಕೆಲಸ ಮಾಡುವುದಿಲ್ಲ, ಬ್ಲೂಟೂತ್ ಎಲ್‌ಇ ಅಥವಾ ವೈಫೈ ಮಾದರಿಯೇ ಬೇಕು. ಆಂಡ್ರಾಯ್ಡ್‌ನಲ್ಲಿ ಸಾಮಾನ್ಯ ಬ್ಲೂಟೂತ್ ಮಾದರಿಯನ್ನು ಮೊದಲು ಫೋನಿನ ಸೆಟ್ಟಿಂಗ್ಸ್‌ನಲ್ಲಿ ಪೇರ್ ಮಾಡಿ, ಪಿನ್ 1234 ಅಥವಾ 0000 ಇರುತ್ತದೆ. ಎಲ್‌ಇ ಮಾದರಿಯನ್ನು ಸೆಟ್ಟಿಂಗ್ಸ್‌ನಲ್ಲಿ ಮುಟ್ಟಲೇಬೇಡಿ, ಆಪ್ ಒಳಗಿನಿಂದಲೇ ಜೋಡಿಸಿ. ಅಡಾಪ್ಟರ್‌ನ ದೀಪವೇ ಹತ್ತದಿದ್ದರೆ ಅದು ಕೆಟ್ಟಿದೆ ಅಂತ ಎಸೆಯುವ ಮುಂಚೆ ಫ್ಯೂಸ್ ನೋಡಿ: ಎಷ್ಟೋ ಕಾರುಗಳಲ್ಲಿ ಈ ಸಾಕೆಟ್‌ಗೂ ಸಿಗರೇಟ್ ಲೈಟರ್ ಸಾಕೆಟ್‌ಗೂ ಒಂದೇ ಫ್ಯೂಸ್.

ಈ ಡಬ್ಬಿ ದುಡ್ಡು ಉಳಿಸುವುದು ಎಲ್ಲಿ? ಕೋಡ್ ಓದಿದ್ದರಲ್ಲಲ್ಲ, ಓದಿದ ಮೇಲೆ ಏನು ಮಾಡುತ್ತೀರಿ ಅನ್ನುವುದರಲ್ಲಿ. ಕೋಡ್ ಹೇಳುವುದು ಇಸಿಯುನ, ಅಂದರೆ ಇಂಜಿನ್ ನಿಯಂತ್ರಿಸುವ ಕಂಪ್ಯೂಟರಿನ, ದೂರನ್ನು ಮಾತ್ರ. ಯಾವ ಪಾರ್ಟ್ ಹೋಗಿದೆ ಅಂತ ಅದು ಹೇಳುವುದಿಲ್ಲ.

ಪಿ0301 ತೆಗೆದುಕೊಳ್ಳಿ. ಒಂದನೇ ಸಿಲಿಂಡರ್ ಮಿಸ್‌ಫೈರ್, ಅಂದರೆ ಅಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲ ಅಂತ ಅರ್ಥ. ಕಾಯಿಲ್ (ಪ್ಲಗ್‌ಗೆ ಕಿಡಿಯ ಕರೆಂಟ್ ಕೊಡುವುದು), ಪ್ಲಗ್, ಇಂಜೆಕ್ಟರ್ (ಇಂಧನ ಚಿಮ್ಮಿಸುವುದು) ಮೂರೂ ಒಟ್ಟಿಗೆ ಬದಲಿಸಬೇಕು ಅಂತ ಗ್ಯಾರೇಜಿನವರು ಅಂದರೆ ತಕ್ಷಣ ಒಪ್ಪಬೇಡಿ. ಪ್ರತಿ ಸಿಲಿಂಡರ್‌ಗೂ ಬೇರೆ ಕಾಯಿಲ್ ಇರುವ ಪೆಟ್ರೋಲ್ ಇಂಜಿನ್ ಆದರೆ, ತಣ್ಣಗಾದ ಮೇಲೆ ಇಗ್ನಿಷನ್ ಆಫ್ ಮಾಡಿ, ಒಂದನೇ ಮತ್ತು ಎರಡನೇ ಕಾಯಿಲ್‌ಗಳನ್ನು ಅದಲುಬದಲು ಮಾಡಿ. ಕೋಡ್ ಅಳಿಸಿ, ಸ್ವಲ್ಪ ದೂರ ಓಡಿಸಿ. ಈಗ ಪಿ0302 ಬಂದರೆ ತಪ್ಪು ಕಾಯಿಲ್‌ನದು, ಒಂದೇ ಕಾಯಿಲ್ ಸಾಕು. ಪಿ0301 ಮತ್ತೆ ಅಲ್ಲೇ ಕೂತರೆ ಪ್ಲಗ್ ಅದಲುಬದಲು ಮಾಡಿ. ಆಗಲೂ ಜಾಗ ಬಿಡದಿದ್ದರೆ ಮಾತ್ರ ಇಂಜೆಕ್ಟರ್, ಕಂಪ್ರೆಷನ್ ಕಡೆ ತಿರುಗಿ. ಕಾಯಿಲ್ ಎಳೆದಾಗ ಅದರ ರಬ್ಬರ್ ಬೂಟ್‌ಗೆ ಎಣ್ಣೆ ಮೆತ್ತಿಕೊಂಡಿದ್ದರೆ ಪ್ಲಗ್ ಗುಂಡಿಯ ಸೀಲ್ ಸೋರುತ್ತಿದೆ ಎಂದರ್ಥ. ಅದನ್ನು ಬಿಟ್ಟು ಹೊಸ ಕಾಯಿಲ್ ಹಾಕಿದರೆ ಅದೂ ಹೋಗುತ್ತದೆ.

ಪಿ0171, ಅಂದರೆ ಇಂಧನದ ಲೆಕ್ಕಕ್ಕೆ ಬೇಕಾದ್ದಕ್ಕಿಂತ ಗಾಳಿ ಹೆಚ್ಚು. ಇಲ್ಲಿ ಆಪ್‌ನ ಲೈವ್ ಡೇಟಾದಲ್ಲಿ ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್ ನೋಡಬೇಕು, ಅಂದರೆ ಇಸಿಯು ಇಂಧನವನ್ನು ಎಷ್ಟು ಹೆಚ್ಚು ಕಡಿಮೆ ಮಾಡಿ ಸರಿದೂಗಿಸುತ್ತಿದೆ ಅನ್ನುವ ಅಂಕಿ. ಶೂನ್ಯದಿಂದ 10% ಆಚೀಚೆ ಇದ್ದರೆ ತಲೆಕೆಡಿಸಿಕೊಳ್ಳಬೇಡಿ. ಐಡಲ್‌ನಲ್ಲಿ +20% ಇದ್ದು, 2500 ಆರ್‌ಪಿಎಂಗೆ ಏರಿಸಿದಾಗ +5%ಗೆ ಇಳಿದರೆ ಎಲ್ಲೋ ಗಾಳಿ ಸೋರುತ್ತಿದೆ: ಬಿರುಕುಬಿಟ್ಟ ಪಿಸಿವಿ ಹೋಸ್ (ಇಂಜಿನ್ ಒಳಗಿನ ಆವಿಯನ್ನು ವಾಪಸ್ ಎಳೆಯುವ ಕೊಳವೆ), ಸಡಿಲ ಕ್ಲ್ಯಾಂಪ್, ಮ್ಯಾನಿಫೋಲ್ಡ್ ಗ್ಯಾಸ್ಕೆಟ್. ತಿರುಗುಮುರುಗಾಗಿ, ಐಡಲ್‌ನಲ್ಲಿ ಸರಿ ಇದ್ದು ಲೋಡ್ ಬಿದ್ದಂತೆ ಏರುತ್ತಾ ಹೋದರೆ ಇಂಧನ ಸಾಲುತ್ತಿಲ್ಲ ಅಥವಾ ಒಳಬರುವ ಗಾಳಿ ಅಳೆಯುವ ಎಂಎಎಫ್ ಸೆನ್ಸರ್ ಕೊಳೆಯಾಗಿದೆ. ಎಂಎಎಫ್‌ಗೆಂದೇ ಸಿಗುವ ಸ್ಪ್ರೇ ಹೊಡೆದು, ಒಣಗಿಸಿ ನೋಡಿದ ಮೇಲಷ್ಟೇ ಹೊಸ ಸೆನ್ಸರ್ ಮಾತು. ಎಂಎಎಫ್ ಬದಲು ಗಾಳಿಯ ಒತ್ತಡ ಅಳೆಯುವ ಎಂಎಪಿ ಸೆನ್ಸರ್ ಮಾತ್ರ ಇರುವ ಕಾರಿನಲ್ಲಿ ಈ ಲೆಕ್ಕ ಕೂರುವುದಿಲ್ಲ. ಅಲ್ಲಿ ಗಾಳಿ ಸೋರಿದರೆ ಐಡಲ್ ಏರುವುದೇ ಹೆಚ್ಚು.

ಜೇಬಿಗೆ ನಿಜವಾಗಿ ಕತ್ತರಿ ಬೀಳುವುದು ಪಿ0420ರಲ್ಲಿ, ಅಂದರೆ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನುವ ದೂರು. ಕನ್ವರ್ಟರ್ ದುಬಾರಿ, ಕೋಡ್ ಬಂತೆಂದರೆ "ಬದಲಿಸಿ" ಅನ್ನುವುದು ಸುಲಭ. ಕನ್ವರ್ಟರ್‌ನ ಹಿಂಬದಿಯಲ್ಲಿರುವ ಆಕ್ಸಿಜನ್ ಸೆನ್ಸರ್‌ನ ಗ್ರಾಫ್ ತೆರೆಯಿರಿ. ಇಂಜಿನ್ ಬಿಸಿಯಾಗಿ, ಆರ್‌ಪಿಎಂ ಒಂದೇ ಸಮ ಇರುವಾಗ ಅದು 0.6ರಿಂದ 0.8 ವೋಲ್ಟ್ ಆಸುಪಾಸಿನಲ್ಲಿ ನೆಟ್ಟಗಿದ್ದರೆ ಕನ್ವರ್ಟರ್‌ನಲ್ಲಿ ಇನ್ನೂ ಜೀವ ಇದೆ, ಸೈಲೆನ್ಸರ್ ಪೈಪಿನ ಲೀಕ್ ಹುಡುಕಿ. ಕನ್ವರ್ಟರ್‌ಗೆ ಮುಂಚೆ ಇರುವ ಸೆನ್ಸರ್‌ನಂತೆಯೇ 0.1ರಿಂದ 0.9ರವರೆಗೆ ಕುಣಿಯುತ್ತಿದ್ದರೆ ಕನ್ವರ್ಟರ್ ಸೋತಿದೆ ಅನ್ನಬಹುದು. ಆಗಲೂ ಅದು ಯಾಕೆ ಸೋತಿತು ಅಂತ ಕೇಳಿ. ಮಿಸ್‌ಫೈರ್ ಅಥವಾ ಆಯಿಲ್ ಸುಡುವ ಇಂಜಿನ್ ಹೊಸದನ್ನೂ ತಿಂದುಹಾಕುತ್ತದೆ.

ಬ್ಯಾಟರಿ ವೋಲ್ಟೇಜ್ ತೋರಿಸುವುದು ಇದರ ಸಣ್ಣ ಉಪಕಾರ. ರಾತ್ರಿಯಿಡೀ ನಿಂತ ಕಾರಿನಲ್ಲಿ 12.6 ಚೆನ್ನ, 12.2 ಅಂದರೆ ಅರ್ಧ ಚಾರ್ಜ್. ಓಡುವಾಗ ಸಾಮಾನ್ಯವಾಗಿ 13.7ರಿಂದ 14.7. ಹೊಸ ಕಾರುಗಳಲ್ಲಿ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರನ್ನು ಇಸಿಯು ತಾನೇ ಏರಿಳಿಸುವುದರಿಂದ ಒಂದು ಗಳಿಗೆ 12.8 ಕಂಡರೆ ಗಾಬರಿ ಬೇಡ. ಅಗ್ಗದ ಅಡಾಪ್ಟರ್‌ಗಳ ಓದು ಸ್ವಲ್ಪ ತಪ್ಪೂ ಇರುತ್ತದೆ, ಒಮ್ಮೆ ಮಲ್ಟಿಮೀಟರ್ ಇಟ್ಟು ತಾಳೆ ನೋಡಿಕೊಳ್ಳಿ. ಸ್ಟಾರ್ಟ್ ಮಾಡುವಾಗಿನ ಕುಸಿತವನ್ನು ಹಿಡಿಯುವಷ್ಟು ವೇಗ ಇದಕ್ಕಿಲ್ಲ, ಆ ಪರೀಕ್ಷೆಗೆ ಬ್ಯಾಟರಿ ಟೆಸ್ಟರೇ ಬೇಕು.

ಬ್ರೇಕ್ ಪ್ಯಾಡ್, ಕ್ಲಚ್, ಸಸ್ಪೆನ್ಷನ್, ಬೇರಿಂಗ್ ಸದ್ದು ಇದಕ್ಕೆ ಕೇಳಿಸುವುದೇ ಇಲ್ಲ. ಎಬಿಎಸ್, ಏರ್‌ಬ್ಯಾಗ್ ಕೋಡ್‌ಗಳು ಕೆಲವು ಕಾರು, ಕೆಲವು ಆಪ್‌ಗಳಲ್ಲಿ ಮಾತ್ರ. ಡೀಸೆಲ್ ಕಾರಿನ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರಿನಲ್ಲಿರುವ ಮಸಿ ಪ್ರಮಾಣವೂ ಹಾಗೇ. ಕೆಂಪು ಆಯಿಲ್ ದೀಪ ಹತ್ತಿದಾಗ, ಟೆಂಪರೇಚರ್ ಮುಳ್ಳು ಮೇಲೇರಿದಾಗ ಸ್ಕ್ಯಾನರ್ ಹುಡುಕುತ್ತಾ ಕೂರಬೇಡಿ: ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಇಂಜಿನ್ ಆಫ್ ಮಾಡಿ. ಹಳದಿ ದೀಪ ಮಿಣುಕುತ್ತಿದ್ದರೂ ಓಡಿಸಬೇಡಿ. ಸುಡದ ಪೆಟ್ರೋಲ್ ಕನ್ವರ್ಟರ್ ಒಳಗೆ ಹೋಗಿ ಉರಿಯುತ್ತಿರುತ್ತದೆ.

ಆಪ್‌ನಲ್ಲಿ ಅತಿ ಹೆಚ್ಚು ದುರ್ಬಳಕೆ ಆಗುವುದು ಕೋಡ್ ಅಳಿಸುವ ಬಟನ್. ಅದನ್ನು ಒತ್ತಿದರೆ ಫ್ರೀಜ್ ಫ್ರೇಮ್ ಕೂಡ ಹೋಗುತ್ತದೆ, ಅಂದರೆ ದೋಷ ಕಂಡ ಗಳಿಗೆಯ ವೇಗ, ಆರ್‌ಪಿಎಂ, ಕೂಲೆಂಟ್ ತಾಪ ಎಲ್ಲ. ಮೆಕ್ಯಾನಿಕ್‌ಗೆ ಬೇಕಾಗುವುದೇ ಆ ಅಂಕಿಗಳು. ಮೊದಲು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಅಳಿಸಿದಾಗ ರೆಡಿನೆಸ್ ಮಾನಿಟರ್‌ಗಳೂ (ಕಾರು ತನ್ನ ಭಾಗಗಳನ್ನು ತಾನೇ ಪರೀಕ್ಷಿಸಿಕೊಂಡ ದಾಖಲೆ) ಖಾಲಿಯಾಗುತ್ತವೆ, ಅವು ಮತ್ತೆ ತುಂಬಲು ಊರೊಳಗೂ ಹೆದ್ದಾರಿಯಲ್ಲೂ ಓಡಿಸಬೇಕು. ಕಾರು ಮಾರುವವರು ಬೆಳಗ್ಗೆ ಕೋಡ್ ಅಳಿಸಿ ತಂದಿದ್ದರೆ ಗೊತ್ತಾಗುವುದೂ ಇದರಿಂದಲೇ. ದೀಪ ಆರಿರುತ್ತದೆ, ಮಾನಿಟರ್‌ಗಳು ಮಾತ್ರ "ಇನ್ನೂ ಆಗಿಲ್ಲ" ಅಂತ ತೋರಿಸುತ್ತಿರುತ್ತವೆ.

ಕೆಲಸ ಮುಗಿದ ಮೇಲೆ ಅಡಾಪ್ಟರ್ ಕಿತ್ತಿಡಿ. ಸಾಕೆಟ್‌ನ 16ನೇ ಪಿನ್ನಿಗೆ ಕೀ ತೆಗೆದ ಮೇಲೂ ಬ್ಯಾಟರಿ ಕರೆಂಟ್ ಬರುತ್ತಲೇ ಇರುತ್ತದೆ. ನಿದ್ದೆಗೆ ಜಾರದ ಅಗ್ಗದ ಅಡಾಪ್ಟರ್ ಅಲ್ಲೇ ಉಳಿದರೆ, ವಾರಗಟ್ಟಲೆ ನಿಲ್ಲಿಸಿದ ಕಾರು ಸ್ಟಾರ್ಟ್ ಆಗದೆ ಸತಾಯಿಸುತ್ತದೆ.