ಸ್ಲೀವ್, ಪ್ರೊಪೆಲ್ಲರ್, ಲಕ್ಷ್ಯ: ಗನ್ ಮೇಲೆ ಕೂತವನಿಗೆ ಯಾವ ಟಾರ್ಗೆಟ್ ಒಳ್ಳೆಯದು?

ಅಕ್ಕನ ಮಗ ಈಗ ಒಡಿಶಾದ ಗೋಪಾಲಪುರದಲ್ಲಿದ್ದಾನೆ, ಆರ್ಮಿ ಏರ್ ಡಿಫೆನ್ಸ್ ಕಾಲೇಜಿನಲ್ಲಿ. ಮೊನ್ನೆ ಫೋನ್ ಮಾಡಿ, "ಮಾಮಾ, ನೀವು ಅಭ್ಯಾಸಕ್ಕೆ ಯಾವ್ಯಾವ ಟಾರ್ಗೆಟ್‌ಗೆ ಹೊಡೆದಿದ್ದೀರಿ? ಯಾವುದರಿಂದ ಜಾಸ್ತಿ ಕಲಿತಿರಿ?" ಎಂದು ಕೇಳಿದ. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ವಿಮಾನಗಳಿಗೆ ಹೊಡೆಯುವ ಎಲ್-70 ಗನ್ ಮೇಲೆ ಹದಿನೇಳು ವರ್ಷ ಕೂತಿದ್ದೇನೆ, ಕೊನೆಯ ಕೆಲವು ವರ್ಷ ಇಗ್ಲಾ ಕ್ಷಿಪಣಿ ಹೆಗಲ ಮೇಲೆ ಹೊತ್ತಿದ್ದೇನೆ.

ಮೊದಲು ಹೊಡೆದದ್ದು ಸ್ಲೀವ್‌ಗೆ. ವಿಮಾನದ ಹಿಂದೆ ಉದ್ದನೆಯ ಕೇಬಲ್, ಅದರ ತುದಿಗೆ ಬಟ್ಟೆಯ ಚೀಲ. ನಮ್ಮ ವಾಯುಪಡೆಯ ಹಳೇ ಕ್ಯಾನ್‌ಬೆರಾ ವಿಮಾನಗಳೂ, 2007ರಲ್ಲಿ ನಿವೃತ್ತಿಯಾದವು, ಈ ಎಳೆಯುವ ಕೆಲಸ ಮಾಡಿವೆ. ಸ್ಲೀವ್ ನೇರವಾಗಿ, ಒಂದೇ ಎತ್ತರದಲ್ಲಿ ಹೋಗುತ್ತದೆ. ಹೊಸಬರಿಗೆ ಅದು ಸುಲಭ. ಆದರೆ ಮುಂದೆ ಜೀವಂತ ಪೈಲಟ್ ಇರುತ್ತಾನಲ್ಲ, ಅಲ್ಲೇ ತೊಂದರೆ. ಹಾರುವ ಗುರಿಗೆ ಹೊಡೆಯುವಾಗ ಗುಂಡನ್ನು ಅದರ ಮುಂದಕ್ಕೆ ಬಿಡಬೇಕು, ಇಲ್ಲಿ ಮುಂದಕ್ಕೆ ಅಂದರೆ ವಿಮಾನದ ಕಡೆಗೆ. ಸೇಫ್ಟಿ ಆಫೀಸರ್ ಬೆನ್ನ ಹಿಂದೆಯೇ ನಿಂತಿರುತ್ತಾರೆ. ಕೈ ತಾನಾಗಿಯೇ ಹಿಂಜರಿಯುತ್ತದೆ. ನನ್ನ ಮೊದಲ ಕ್ಯಾಂಪ್‌ನಲ್ಲಿ ಟ್ರೇಸರ್ ಗುಂಡುಗಳೆಲ್ಲ ಕೆಂಪು ಗೆರೆ ಎಳೆದ ಹಾಗೆ ಸ್ಲೀವ್‌ನ ಹಿಂದಿನಿಂದಲೇ ಹೋದವು. ಆ ಹಿಂಜರಿಕೆ ಬಿಟ್ಟುಹೋಗಲು ನನಗೆ ಇನ್ನೆರಡು ಕ್ಯಾಂಪ್ ಬೇಕಾಯಿತು.

ಪೈಲಟ್ ಇಲ್ಲದ ಟಾರ್ಗೆಟ್ ಬಂದಾಗ ಮೊದಲು ಹೋದದ್ದು ಈ ಭಯ.

ಅದರಲ್ಲಿ ಚಿಕ್ಕದು ಪ್ರೊಪೆಲ್ಲರ್ ಟಾರ್ಗೆಟ್. ಇಬ್ಬರು ಮೂವರು ಎತ್ತಿಕೊಂಡು ಬರುವಷ್ಟು ತೂಕ, ಕವಣೆಯ ಹಾಗೆ ಎಸೆಯುವ ಲಾಂಚರ್, ರೇಡಿಯೋದಲ್ಲಿ ನಡೆಸುವ ಒಬ್ಬ ಆಪರೇಟರ್. ಬೆಳಿಗ್ಗೆ ಸಮುದ್ರದ ಮೇಲೆ ಇನ್ನೂ ಮಂಜು ಇರುವಾಗಲೇ ಶುರು. ಮೊದಲು ಲೂನಾ ಮೊಪೆಡ್‌ನಂಥ ಸದ್ದು ಕೇಳುತ್ತದೆ, ಆಮೇಲೆ ಕಿತ್ತಳೆ ಬಣ್ಣದ ರೆಕ್ಕೆ ಕಾಣುತ್ತದೆ. ನಮ್ಮ ಕಡೆಗೇ ಬರುತ್ತದೆ, ತಿರುಗುತ್ತದೆ, ಇಳಿಯುತ್ತದೆ, ಮತ್ತೆ ಬರುತ್ತದೆ. ಇದರ ದೊಡ್ಡ ಗುಣ ಇದೇ, ಮತ್ತೆ ಮತ್ತೆ ಬರುತ್ತದೆ. ಒಂದು ಬೆಳಿಗ್ಗೆ ನನ್ನ ಡಿಟ್ಯಾಚ್‌ಮೆಂಟ್‌ನ, ಅಂದರೆ ನನ್ನ ಗನ್ ತಂಡದ, ಪ್ರತಿ ಹುಡುಗನಿಗೂ ನಾಲ್ಕು ನಾಲ್ಕು ಸಲ ಗುರಿ ಹಿಡಿಯುವ ಅವಕಾಶ ಸಿಕ್ಕಿತು. ಸ್ಲೀವ್ ಕಾಲದಲ್ಲಿ ಒಂದು ಇಡೀ ಕ್ಯಾಂಪ್‌ಗೆ ಅಷ್ಟು ಸಿಕ್ಕರೆ ಹೆಚ್ಚು. ಅವತ್ತು ದೋಣಿಯಲ್ಲಿ ತಂದ ಒಂದು ರೆಕ್ಕೆಯನ್ನು ಮರಳ ಮೇಲೆ ಇಟ್ಟು, ತೂತಿಗೆ ಬೆರಳು ತೂರಿಸಿ ಎಣಿಸಿದೆವು, ಏಳು. ಹುಡುಗರ ಮುಖ ನೋಡಬೇಕಿತ್ತು.

ಕೊರತೆ ಇಲ್ಲ ಅಂತಲ್ಲ. ವೇಗ ಸಾಲದು. ಎಲ್-70 ಗುಂಡು ಒಂದೂವರೆ ಕಿಲೋಮೀಟರ್ ಮುಟ್ಟಲು ಸುಮಾರು 2 ಸೆಕೆಂಡ್ ಬೇಕು. ಸೆಕೆಂಡಿಗೆ 60 ಮೀಟರ್ ಹೋಗುವ ಪ್ರೊಪೆಲ್ಲರ್ ಟಾರ್ಗೆಟ್‌ಗೆ ಅಡ್ಡಲಾಗಿ ಹೊಡೆಯುವಾಗ 120 ಮೀಟರ್ ಮುಂದಕ್ಕೆ ಬಿಟ್ಟರಾಯಿತು. 200 ಮೀಟರ್ ಹೋಗುವ ಜೆಟ್‌ಗೆ 400 ಮೀಟರ್ ಬೇಕು. ಕಣ್ಣಿಗೆ ಅದು ಖಾಲಿ ಆಕಾಶಕ್ಕೆ ಹೊಡೆದ ಹಾಗೆ ಅನಿಸುತ್ತದೆ. 120ಕ್ಕೆ ಪಳಗಿದ ಕೈ 400 ಬಿಡಲು ಒಪ್ಪುವುದಿಲ್ಲ. ಇಗ್ಲಾದವರಿಗೆ ಇನ್ನೊಂದು ಸಮಸ್ಯೆ. ಚಿಕ್ಕ ಎಂಜಿನ್‌ಗೆ ಶಾಖ ಕಡಿಮೆ, ಅದಕ್ಕೆ ಟಾರ್ಗೆಟ್ ಮೇಲೆ ಫ್ಲೇರ್ ಉರಿಸುತ್ತಾರೆ. ಫ್ಲೇರ್‌ನ ಬಿಸಿಯನ್ನು ಕ್ಷಿಪಣಿ ತಕ್ಷಣ ಹಿಡಿಯುತ್ತದೆ, ಗುರಿ ಸಿಕ್ಕಿತು ಅನ್ನುವ ಟೋನ್ ಕೇಳಿಸುತ್ತದೆ. ಎದುರಿನಿಂದ ಬರುವ ನಿಜವಾದ ಜೆಟ್ ಇಷ್ಟು ಸುಲಭವಾಗಿ ಸಿಗುವುದಿಲ್ಲ.

ಇನ್ನು ಲಕ್ಷ್ಯ, ಪೈಲಟ್ ಇಲ್ಲದೆ ಹಾರುವ ಜೆಟ್ ಟಾರ್ಗೆಟ್. ಡಿಆರ್‌ಡಿಒದ ಬೆಂಗಳೂರು ಸಂಸ್ಥೆ ಎಡಿಇ ವಿನ್ಯಾಸ ಮಾಡಿದ್ದು, ಎಂಜಿನ್ ಎಚ್‌ಎಎಲ್‌ನದು. ಸುಮಾರು 6 ಮೀಟರ್ ಉದ್ದ, 700 ಕಿಲೋ ತೂಕ. ರಾಕೆಟ್ ಬೂಸ್ಟರ್ ಹೊತ್ತಿ ಅದು ಏಳುವುದನ್ನು ನೋಡಿದಾಗ ನಮ್ಮೂರ ಕಡೆಯವರು ಮಾಡಿದ್ದು ಅಂತ ಎದೆ ತುಂಬಿ ಬಂದಿತ್ತು. ವೇಗ ನಿಜವಾದ ಜೆಟ್‌ನದೇ. ಆದರೆ ಅದು ಬೆಲೆಯ ವಸ್ತು. ಪ್ಯಾರಾಚೂಟ್‌ನಲ್ಲಿ ಇಳಿಸಿ ಮತ್ತೆ ಬಳಸಬೇಕು. ಹಾಗಾಗಿ ಲಕ್ಷ್ಯಕ್ಕೇ ಹೊಡೆಯುವಂತಿಲ್ಲ, ಒಂದೂವರೆ ಕಿಲೋಮೀಟರ್ ಹಿಂದೆ ಅದು ಎಳೆಯುವ ಟೋ ಟಾರ್ಗೆಟ್‌ಗೆ ಹೊಡೆಯಬೇಕು. ರಾಡಾರ್ ಜೊತೆ ಹೊಡೆಯುವುದಕ್ಕೆ ಇದರಷ್ಟು ಒಳ್ಳೆಯ ಪಾಠ ನಾನು ಬೇರೆ ಕಂಡಿಲ್ಲ. ಕಣ್ಣಳತೆಯ ನನ್ನ ಲೆಕ್ಕವೆಲ್ಲ ತಪ್ಪಿದಾಗ, ಬಿಇಎಲ್‌ನ ಫ್ಲೈಕ್ಯಾಚರ್ ರಾಡಾರ್ ಗನ್ನನ್ನು ತಿರುಗಿಸಿ ಆ ಖಾಲಿ ಆಕಾಶಕ್ಕೆ ಯಾಕೆ ಹಿಡಿಯುತ್ತದೆ ಅನ್ನುವುದು ಅವತ್ತೇ ಅರ್ಥವಾದದ್ದು. ಆದರೆ ಅವಕಾಶ ಎಷ್ಟು? ಒಂದು ಸಲ ಗಾಳಿ, ಇನ್ನೊಂದು ಸಲ ಯಂತ್ರದ ತೊಂದರೆ ಅಂತ ಮೂರು ದಿನ ಸುಮ್ನೆ ಕೂತೆವು. ನಾಲ್ಕನೇ ದಿನ ನನ್ನ ಗನ್‌ಗೆ ಹೊಡೆಯಲು ಸಿಕ್ಕಿದ್ದು ಒಂದೇ ಒಂದು ಸಲ. ಗನ್ನಿನ ಗುರಿ ಹಿಡಿಯುವ ನನ್ನ ಲೇಯರ್ ಹುಡುಗ ಆ ರಾತ್ರಿ ಊಟ ಬಿಟ್ಟ.

ಅಭ್ಯಾಸ್ ಅನ್ನುವ ಹೊಸ ಪೈಲಟ್ ಇಲ್ಲದ ಟಾರ್ಗೆಟ್ ಬಂದದ್ದು ನಾನು ಸೇನೆ ಬಿಟ್ಟ ಮೇಲೆ. ಇದೂ ಎಡಿಇಯದೇ. 2019ರ ಮೇ ತಿಂಗಳಲ್ಲಿ ಒಡಿಶಾದ ಚಾಂದೀಪುರದಲ್ಲಿ ಪರೀಕ್ಷೆ ಆಯಿತು, 2024ರ ಜೂನ್ ಹೊತ್ತಿಗೆ ಹೊಸ ಬೂಸ್ಟರ್ ಜೋಡಿಸಿ ಸಾಲಾಗಿ ಆರು ಹಾರಾಟ ಮುಗಿಸಿದರು. ಜೆಟ್‌ನ ವೇಗವೂ ಇದೆ, ನೇರ ಅದಕ್ಕೇ ಹೊಡೆದು ಬೀಳಿಸಲೂಬಹುದು. ರಾಡಾರ್‌ಗೆ ದೊಡ್ಡದಾಗಿ ಕಾಣಲಿ ಅಂತ ಒಳಗೆ ಲ್ಯೂನ್‌ಬರ್ಗ್ ಲೆನ್ಸ್ ಇಟ್ಟಿದ್ದಾರೆ. ರಾತ್ರಿ ಟಾರ್ಚ್ ಬಿಟ್ಟರೆ ಬೆಕ್ಕಿನ ಕಣ್ಣು ಹೊಳೆಯುವುದಿಲ್ಲವಾ, ಹಾಗೆ ಬಂದ ಅಲೆಯನ್ನು ಬಂದ ಕಡೆಗೇ ತಿರುಗಿಸುತ್ತದೆ. ನನ್ನ ಹುಡುಗರಿಗೆ ಇದು ಸಿಕ್ಕಿದ್ದರೆ ಅಂತ ಈಗಲೂ ಅನಿಸುತ್ತದೆ.

ಹಾಗಾದರೆ ಯಾವುದು? ಗನ್‌ನವರಿಗೆ ನಾನು ಪ್ರೊಪೆಲ್ಲರ್ ಟಾರ್ಗೆಟ್‌ಗೇ ಓಟು ಹಾಕುತ್ತೇನೆ. ಕೈ ಪಳಗುವುದು ಎಷ್ಟು ಸಲ ಹೊಡೆದೆ ಅನ್ನುವುದರಿಂದ. ಹತ್ತು ದಿನದ ಕ್ಯಾಂಪ್ ನನ್ನ ಕೈಗೆ ಕೊಟ್ಟರೆ ಏಳು ದಿನ ಅದನ್ನೇ ಹಾರಿಸಿ, ಎರಡು ದಿನ ಜೆಟ್‌ಗೆ ಇಡುತ್ತೇನೆ. ಉಳಿದ ಒಂದು ದಿನ ಅಂಗೈಯಗಲದ ಡ್ರೋನ್‌ಗಳಿಗೆ, ಒಂದಲ್ಲ, ಹಿಂಡು ಹಿಂಡಾಗಿ. 2025ರ ಮೇ ತಿಂಗಳಲ್ಲಿ ಗಡಿಯಲ್ಲಿ ಇದೇ ಎಲ್-70 ಗನ್‌ಗಳು ಡ್ರೋನ್‌ಗಳನ್ನು ಉರುಳಿಸಿದ್ದನ್ನು ಎಲ್ಲರೂ ಕೇಳಿದ್ದೇವೆ, ಅಲ್ವಾ. ಅಷ್ಟು ಚಿಕ್ಕ, ಅಷ್ಟು ನಿಧಾನದ ಗುರಿಗೆ ನಾನು ಒಂದು ಸಲವೂ ಹೊಡೆದು ನೋಡಿಲ್ಲ. ಅದರ ಮಾತು ಅಕ್ಕನ ಮಗನೇ ನನಗೆ ಹೇಳಬೇಕು, ದೀಪಾವಳಿಗೆ ರಜೆ ಹಾಕಿ ಬರುತ್ತಾನಂತೆ.