ಡಬ್ಬದ ಮೇಲೆ 48 ವ್ಯಾಟ್, ಅಡಾಪ್ಟರ್ ಮೇಲೆ 18: ಅಕ್ವೇರಿಯಂ ಪ್ಲಾಂಟ್ ಲೈಟ್ ಕೊಳ್ಳುವ ಮುಂಚೆ ಓದಿ

ಫಿಶ್ ಟ್ಯಾಂಕಿನಲ್ಲಿ ಗಿಡ ಬೆಳೆಸಲು ಹೊರಟವರು ಲೈಟಿಗೆ ದುಡ್ಡು ಕೊಡುವ ಮುಂಚೆ ಒಂದು ಕೆಲಸ ಮಾಡಿ. ಡಬ್ಬದ ಮೇಲಿನ ವ್ಯಾಟ್ ನಂಬಬೇಡಿ. ಅಡಾಪ್ಟರ್ ಹೊರಗೆ ತೆಗೆಸಿ, ಅದರ ಬೆನ್ನ ಮೇಲಿನ ಸಣ್ಣ ಅಕ್ಷರ ಓದಿ. ಔಟ್‌ಪುಟ್ ಅಂತ ವೋಲ್ಟ್ ಮತ್ತು ಆಂಪಿಯರ್ ಬರೆದಿರುತ್ತದೆ. ಎರಡನ್ನೂ ಗುಣಿಸಿ. ಆ ಅಡಾಪ್ಟರ್ ಕೊಡಬಲ್ಲ ವ್ಯಾಟ್ ಅಷ್ಟೇ. ಡಬ್ಬ ಏನೇ ಹೇಳಲಿ.

ಬೆಂಗಳೂರಿನ ಒಂದು ಅಕ್ವೇರಿಯಂ ಅಂಗಡಿಯಲ್ಲಿ ನನಗೆ ಮಾರಿದ ಲೈಟಿನ ಡಬ್ಬದ ಮೇಲೆ '48 ವ್ಯಾಟ್, ಫುಲ್ ಸ್ಪೆಕ್ಟ್ರಮ್' ಅಂತ ದಪ್ಪ ಅಕ್ಷರದಲ್ಲಿತ್ತು. ಅಡಾಪ್ಟರ್ ಮೇಲೆ ಇದ್ದದ್ದು 12 ವೋಲ್ಟ್, 1.5 ಆಂಪಿಯರ್. ಅಂದರೆ 18 ವ್ಯಾಟ್. ಹಾಗಾದರೆ 48 ಎಲ್ಲಿಂದ ಬಂತು? ಪಟ್ಟಿಯಂಥ ಈ ಲೈಟಿನಲ್ಲಿ 96 ಎಲ್‌ಇಡಿ ಚಿಪ್ ಇವೆ. ಒಂದೊಂದು ಚಿಪ್ ತಡೆಯಬಲ್ಲ ಗರಿಷ್ಠ ಅರ್ಧ ವ್ಯಾಟ್. 96ರ ಅರ್ಧ 48. ಅಷ್ಟು ಕರೆಂಟ್ ಕೊಟ್ಟರೆ ಆ ತೆಳು ಪಟ್ಟಿ ಬಿಸಿಗೆ ಕರಗಿಯೇ ಹೋಗುತ್ತದೆ, ಅದು ಬೇರೆ ವಿಷಯ.

ನನ್ನದು ಎರಡಡಿ ಟ್ಯಾಂಕ್, ಸುಮಾರು 70 ಲೀಟರ್. ಅಂಗಡಿಯವರು "ಕಣ್ಣು ಮುಚ್ಕೊಂಡು ತಗೊಳ್ಳಿ ಸರ್, ಕೆಂಪು ಗಿಡಾನೂ ಬೆಳೆಯುತ್ತೆ" ಅಂದರು. ಜೊತೆಗೆ ರೊಟಾಲಾ ಮ್ಯಾಕ್ರಾಂಡ್ರಾ ಕಟ್ಟು ಕೂಡ ಕೊಟ್ಟರು. ನಮ್ಮ ಪಶ್ಚಿಮ ಘಟ್ಟದ ಕಡೆಯದೇ ಗಿಡ, ಆದರೆ ಅದಕ್ಕೆ ಬೆಳಕು ಚೆನ್ನಾಗಿ ಬೇಕು. ಅಂಗಡಿಯಲ್ಲಿ ಆ ಗಿಡ ಕೆಂಪಗೆ ಹೊಳೆಯುತ್ತಿತ್ತು. ಅದೂ ಲೈಟಿನ ಆಟ. ಈ ಪಟ್ಟಿಗಳಲ್ಲಿ ಕೆಂಪು, ನೀಲಿ ಚಿಪ್‌ಗಳೂ ಇರುತ್ತವೆ. ತರಕಾರಿ ಅಂಗಡಿಯಲ್ಲಿ ಟೊಮೆಟೊ ಮೇಲೆ ಕೆಂಪು ಟಾರ್ಪಾಲು ಕಟ್ಟಿದ ಹಾಗೆ. ಮನೆಗೆ ತಂದು ಕಿಟಕಿ ಬೆಳಕಿನಲ್ಲಿ ನೋಡಿದರೆ ಎಲೆ ಕಂದು.

ಕೆಲವು ವಾರದಲ್ಲೇ ಗಿಡ ಉದ್ದಕ್ಕೆ ಬೆಳೆಯತೊಡಗಿತು. ಎಲೆಯಿಂದ ಎಲೆಗೆ ಅಂತರ ಜಾಸ್ತಿಯಾಯಿತು. ತುದಿಯಲ್ಲಿ ಸಣ್ಣ ಹಸಿರು ಕುಡಿ, ಕೆಳಗೆ ಬರೀ ಕಡ್ಡಿ. ಬುಡದ ಎಲೆಗಳು ಗಾಜಿನಂತೆ ತೆಳುವಾಗಿ, ಮುಟ್ಟಿದರೆ ಬೆರಳಿಗೆ ಅಂಟುತ್ತಿದ್ದವು. ಹೊಸದಾಗಿ ತಂದ ಗಿಡದ ಹಳೇ ಎಲೆ ಕೊಳೆಯುವುದು ಮಾಮೂಲು. ಎಷ್ಟೋ ನರ್ಸರಿಗಳಲ್ಲಿ ಗಿಡವನ್ನು ನೀರಿನ ಹೊರಗೆ ಬೆಳೆಸಿರುತ್ತಾರೆ, ಆ ಎಲೆ ನೀರಿನೊಳಗೆ ಬಾಳುವುದಿಲ್ಲ. ಆದರೆ ಹೊಸ ಚಿಗುರೂ ಬಡಕಲಾದರೆ ಅದು ಬೆಳಕಿನ ಬರ.

ಅಂಗಡಿಗೆ ಫೋನ್ ಮಾಡಿದರೆ ಸಿಕ್ಕ ಉತ್ತರ: "14 ಗಂಟೆ ಹಾಕಿ ಸರ್." ಎಲ್ಲಕ್ಕಿಂತ ಹಾಳು ಮಾಡಿದ್ದು ಈ ಸಲಹೆ. ಬೆಳಕು ಒಂದು ಮಟ್ಟಕ್ಕಿಂತ ಕಡಿಮೆ ಇದ್ದರೆ ಗಿಡ ತಯಾರಿಸುವ ಆಹಾರ ಅದರ ಉಸಿರಾಟಕ್ಕೇ ಸಾಲುವುದಿಲ್ಲ. ಗಂಟೆ ಜಾಸ್ತಿ ಮಾಡಿ ಅದನ್ನು ಸರಿದೂಗಿಸಲು ಆಗುವುದಿಲ್ಲ. ಪಾಚಿಗೆ ಹಾಗಲ್ಲ, ಅದಕ್ಕೆ ಸ್ವಲ್ಪ ಬೆಳಕೇ ಸಾಕು. ಟ್ಯಾಂಕಿನಲ್ಲಿದ್ದ ಇನ್ನೊಂದು ಗಿಡ ಅನೂಬಿಯಾಸ್, ಅದರ ಎಲೆಯ ಅಂಚಿಗೆ ಕಪ್ಪು ಕೂದಲಿನಂಥ ಪಾಚಿ ಬಂತು, ಉಜ್ಜಿದರೂ ಹೋಗದಂಥದ್ದು. ಮತ್ತೆ ಅದೇ ಅಂಗಡಿಯಿಂದ ಪಾಚಿ ಔಷಧಿಯ ಬಾಟಲಿ! ಲೇಬಲ್ ಮೇಲೆ ಕಾಪರ್ ಅಂತ ಕಂಡದ್ದಕ್ಕೆ ಬಿಟ್ಟು ಬಂದೆ. ಟ್ಯಾಂಕಿನಲ್ಲಿ ಶ್ರಿಂಪ್ ಇದ್ದರೆ ತಾಮ್ರ ಅವಕ್ಕೆ ವಿಷ.

ಅನುಮಾನ ಗಟ್ಟಿಯಾದದ್ದು ಕರೆಂಟ್ ಮೀಟರ್ ನೋಡಿದ ಮೇಲೆ. ಇದನ್ನು ನೀವೂ ಮಾಡಬಹುದು. ನಮ್ಮನೆ ಮೀಟರಿನ ಕೆಂಪು ದೀಪ ಒಂದು ಯೂನಿಟ್ಟಿಗೆ 3200 ಸಲ ಮಿನುಗುತ್ತದೆ, ಮೀಟರ್ ಮೇಲೆಯೇ ಬರೆದಿದೆ. ಫ್ರಿಜ್, ವೈಫೈ ಎಲ್ಲಾ ಆಫ್ ಮಾಡಿ (ಮನೆಯಲ್ಲಿ ಬೈಸಿಕೊಂಡು) ಈ ಲೈಟ್ ಒಂದನ್ನೇ ಬಿಟ್ಟೆ. ನಿಜವಾಗಿ 48 ವ್ಯಾಟ್ ಇದ್ದರೆ 23 ಸೆಕೆಂಡಿಗೊಮ್ಮೆ ಮಿನುಗಬೇಕು. ಮಿನುಗುತ್ತಿದ್ದದ್ದು ಒಂದೂವರೆ ನಿಮಿಷಕ್ಕೊಮ್ಮೆ. ಲೆಕ್ಕ ಹಾಕಿದರೆ 12 ವ್ಯಾಟ್ ಆಸುಪಾಸು. ನಿಮ್ಮ ಮೀಟರಿನ ಸಂಖ್ಯೆ ಬೇರೆ ಇರಬಹುದು, ನೋಡಿಕೊಳ್ಳಿ.

ಡಬ್ಬದ ಮೇಲೆ ಐಪಿ68 ಅಂತಲೂ ಇತ್ತು. ಅಂದರೆ ನೀರಿನಲ್ಲಿ ಮುಳುಗಿಸಿಟ್ಟರೂ ಏನೂ ಆಗಬಾರದು. ಮುಳುಗಿಸುವ ಮಾತು ಹಾಗಿರಲಿ, ನೀರಿನ ಆವಿಗೇ ಪಟ್ಟಿಯ ಒಳಗೆ ಹನಿ ಕಟ್ಟಿತ್ತು. ಅಡಾಪ್ಟರ್ ಕೈ ಇಡಲಾಗದಷ್ಟು ಬಿಸಿ. ಅದರ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತೂ ಇಲ್ಲ, ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ನಂಬರೂ ಇಲ್ಲ. ಒಂದು ದಿನ ನೀರಿಗೆ ಕೈ ಹಾಕಿದಾಗ ಜುಂ ಅಂತು. ಅವತ್ತೇ ಪ್ಲಗ್ ಕಿತ್ತೆ. ಯಾವ ಲೈಟೇ ಆಗಲಿ, ಕೈ ಹಾಕುವ ಮುಂಚೆ ಸ್ವಿಚ್ ಆಫ್ ಮಾಡಿ. ವೈರು ಸಾಕೆಟ್ಟಿಗಿಂತ ಕೆಳಗೆ ಇಳಿದು ಮತ್ತೆ ಮೇಲೆ ಹೋಗುವಂತಿರಲಿ. ಆಗ ವೈರಿನ ಮೇಲೆ ಹರಿದು ಬಂದ ನೀರು ನೆಲಕ್ಕೆ ತೊಟ್ಟಿಕ್ಕುತ್ತದೆ, ಸಾಕೆಟ್ಟಿಗೆ ಹೋಗುವುದಿಲ್ಲ.

ವಾಪಸ್ ಕೊಡಲು ಹೋದಾಗ "ವಾರಂಟಿ ಎಲ್‌ಇಡಿಗೆ ಮಾತ್ರ ಸರ್, ಅಡಾಪ್ಟರಿಗಿಲ್ಲ" ಅಂದರು. ಬಿಲ್ಲಿನಲ್ಲಿ ಬರೀ 'ಲೈಟ್' ಅಂತಿತ್ತು. ಆದ್ದರಿಂದ ವ್ಯಾಟ್, ಮಾಡೆಲ್ ಎರಡನ್ನೂ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಅದು ಕೈಯಲ್ಲಿದ್ದರೆ 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ದೂರು ಕೊಡುವಾಗ ಮಾತಿಗೆ ತೂಕ ಇರುತ್ತದೆ.

ಪ್ಲಾಂಟ್ ಲೈಟ್ ಅಂತಲೇ ಬೇಕಿದ್ದರೆ ಪಾರ್ ಎಷ್ಟು ಅಂತ ಕೇಳಿ. ಗಿಡ ಬಳಸಿಕೊಳ್ಳುವ 400ರಿಂದ 700 ನ್ಯಾನೋಮೀಟರ್ ಬೆಳಕಿನ ಅಳತೆ ಅದು. ಟ್ಯಾಂಕಿನ ತಳದಲ್ಲಿ ಪಾರ್ 20-30 ಇದ್ದರೆ ಜಾವಾ ಫರ್ನ್, ಕ್ರಿಪ್ಟೊಕೊರೈನ್ ಥರದ ಸುಲಭದ ಗಿಡಗಳು ನೆಮ್ಮದಿಯಾಗಿರುತ್ತವೆ. ಕೆಂಪು ಗಿಡ, ಹುಲ್ಲುಹಾಸಿನಂಥ ಕಾರ್ಪೆಟ್ ಗಿಡಗಳಿಗೆ 50ರ ಮೇಲೆ ಬೇಕು, ಸಿಲಿಂಡರಿನಿಂದ ಸಿಒ2 ಕೂಡ ಬೇಕು. ಸಿಒ2 ಇಲ್ಲದೆ ಬೆಳಕು ಮಾತ್ರ ಜಾಸ್ತಿ ಮಾಡಿದರೂ ಬರುವುದು ಪಾಚಿಯೇ. ಅಂಗಡಿಯವರಿಗೆ ಪಾರ್ ಗೊತ್ತಿಲ್ಲದಿದ್ದರೆ ಲ್ಯೂಮೆನ್ (ಲೈಟ್ ಕೊಡುವ ಒಟ್ಟು ಬೆಳಕಿನ ಅಳತೆ) ಆದರೂ ಹೇಳಲಿ. ಬಿಳಿ ಎಲ್‌ಇಡಿಗೆ, ಸುಲಭದ ಗಿಡಗಳಿಗೆ ಲೀಟರಿಗೆ 15-25 ಅಂತ ಒರಟು ಲೆಕ್ಕ ಹಿಡಿಯಬಹುದು.

ಈಗ ನನ್ನ ಟ್ಯಾಂಕ್ ಮೇಲಿರುವುದು ಎಲೆಕ್ಟ್ರಿಕಲ್ ಅಂಗಡಿಯ ಮಾಮೂಲಿ ಎರಡಡಿ ಎಲ್‌ಇಡಿ ಬ್ಯಾಟನ್‌ಗಳು, ಅಂದರೆ ಟ್ಯೂಬ್‌ಲೈಟ್ ಥರದವು. 10 ವ್ಯಾಟಿನವು ಎರಡು, 6500 ಕೆಲ್ವಿನ್ (ಹಗಲಿನಂಥ ಬಿಳಿ ಬೆಳಕು), ಒಂದೊಂದೂ ಸಾವಿರ ಲ್ಯೂಮೆನ್ ಹತ್ತಿರ. ಎರಡೂ ಸೇರಿ ಆ 'ಪ್ಲಾಂಟ್ ಲೈಟ್'ಗಿಂತ ಎಷ್ಟೋ ಅಗ್ಗ. ಅವು ವಾಟರ್‌ಪ್ರೂಫ್ ಅಲ್ಲ, ಹಾಗಾಗಿ ಕೆಳಗೆ ಗಾಜಿನ ಮುಚ್ಚಳ, ಮೇಲೆ ಮರದ ಚೌಕಟ್ಟು. ಟೈಮರ್ ಇಟ್ಟು ದಿನಕ್ಕೆ 7 ಗಂಟೆ ಅಷ್ಟೇ. ನೋಡಲು ಅಂಥ ಚೆಂದವೇನಿಲ್ಲ, ಆದರೆ ಕ್ರಿಪ್ಟೊಕೊರೈನ್ ಮರಿ ಹಾಕುತ್ತಿದೆ. ಮ್ಯಾಕ್ರಾಂಡ್ರಾ ಉಳಿಯಲಿಲ್ಲ.

ಇಂಥ ಲೈಟ್ ಈಗಾಗಲೇ ತಂದಿದ್ದರೆ "24 ವೋಲ್ಟ್ ಅಡಾಪ್ಟರ್ ಹಾಕಿ ಸರ್, ಜೋರಾಗಿ ಉರಿಯುತ್ತೆ" ಅನ್ನುವವರೂ ಸಿಗುತ್ತಾರೆ. ನನಗೂ ಹೇಳಿದ್ದರು. ಅದೊಂದು ಮಾತ್ರ ಮಾಡಬೇಡಿ. 12 ವೋಲ್ಟಿಗೆ ಮಾಡಿದ ಪಟ್ಟಿ ಸುಟ್ಟುಹೋಗುತ್ತದೆ, ಅದೂ ನೀರಿನ ಮೇಲೇ.